ಹಿಂದಿನ ಸೀಟಿನ ಕೆಳಗೊಂದು ಗೂಂ

ನಮ್ಮ ಬೀದಿಯಲ್ಲಿ ನಾನು ಚಾಮುಂಡೇಶ್ವರಿಯ ಪರಮಭಕ್ತನೆಂದು ಹೆಸರಾಗಿರುವುದಕ್ಕೆ ಕಾರಣ ನಮ್ಮ ಅಂಬಾಸಿಡರಿನ ಹಿಂದಿನ ಆಕ್ಸಲ್. ಬೆಳಗಿನ ಜಾವ ಎದ್ದು ಒಬ್ಬನೇ ಬೆಟ್ಟಕ್ಕೆ ಗಾಡಿ ಬಿಡುವ ಅಳಿಯನ ಬಗ್ಗೆ ನಮ್ಮತ್ತೆ ಮನೆಮನೆಗೂ ಹೇಳಿಕೊಂಡು ಬಂದಿದ್ದಾರೆ. ಕಾರಿನ ಗದ್ದಲ ಪತ್ತೆ ಮಾಡುವುದಕ್ಕೆ ಮೈಸೂರಿನಲ್ಲಿ ಆ ರಸ್ತೆಯನ್ನು ಮೀರಿಸಿದ್ದು ಇಲ್ಲವೆಂದು ಅವರಿಗೆ ಬಿಡಿಸಿ ಹೇಳಲು ನಾನು ಹೋಗಲಿಲ್ಲ. ಅಳಿಯನ ಮೇಲೆ ಅತ್ತೆಗೆ ಗೌರವ ಹುಟ್ಟುವುದೇ ಅಪರೂಪ, ಹುಟ್ಟಿದ್ದನ್ನು ಕೆಡಿಸಬಾರದು.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನೇ ಬಂಗಾಳದ ಉತ್ತರಪಾರಾದಲ್ಲಿ 1957ರಿಂದ ಅಂಬಾಸಿಡರ್ ಎಂದು ಕರೆದು, 2014ರವರೆಗೂ ಹೆಚ್ಚುಕಡಿಮೆ ಅದೇ ಮೈಕಟ್ಟಿನಲ್ಲಿ ತಯಾರಿಸಿದರು. ನಮ್ಮದು ಮಾರ್ಕ್ 4. ಎಂಜಿನ್ ಮುಂದಿದ್ದರೂ ಗಾಡಿ ತಳ್ಳುವ ಕೆಲಸ ಹಿಂದಿನ ಚಕ್ರಗಳದು. ಉದ್ದನೆಯ ಶಾಫ್ಟು ಹೊಟ್ಟೆಯಡಿಯಲ್ಲಿ ಹಾದು ಬಂದು ಡಿಫ್ರೆನ್ಶಲ್ ಎಂಬ ಕಬ್ಬಿಣದ ಗುಡಾಣದೊಳಗೆ ಸೇರುತ್ತದೆ. ಗುಡಾಣ ಇರುವುದು ಸರಿಯಾಗಿ ಹಿಂದಿನ ಸೀಟಿನ ಕೆಳಗೆ. ಮಂತ್ರಿಗಳೂ ಜಿಲ್ಲಾಧಿಕಾರಿಗಳೂ ಅರ್ಧ ಶತಮಾನ ಕೂತದ್ದು ಇದರ ನೆತ್ತಿಯ ಮೇಲೆಯೇ. ಜನರ ಅಹವಾಲು ಅವರ ಕಿವಿಗೆ ಬೀಳದಿದ್ದುದಕ್ಕೆ ಇದೂ ಒಂದು ಕಾರಣವಿದ್ದೀತು.

ನಮ್ಮ ಕಾರಿನ ಗೂಂಕಾರ ವೇಗ ನಲವತ್ತು ದಾಟಿದ ಮೇಲೆ ಶುರುವಾಗುತ್ತಿತ್ತು. ಹತ್ತಿದವರೆಲ್ಲ ಇಳಿಯುವ ಹೊತ್ತಿಗೆ ಒಂದೊಂದು ರೋಗದ ಹೆಸರು ಹೇಳಿ ಹೋಗುತ್ತಿದ್ದರು. ಮಾವನವರ ಪ್ರಕಾರ ಗುಡಾಣದೊಳಗಿನ ಹಲ್ಲಿನ ಚಕ್ರಗಳ ಜೋಡಿ, ಅಂದರೆ ಕ್ರೌನ್ ಪಿನಿಯನ್, ಹೋಗಿತ್ತು. ಪಕ್ಕದ ಮನೆಯವರಿಗೆ ಟೈರಿನ ಮೇಲೆ ಅನುಮಾನ. ಮಗ ರೋಗದ ತಂಟೆಗೇ ಹೋಗದೆ ನೇರವಾಗಿ ಗುಜರಿಯ ವಿಳಾಸ ಕೊಟ್ಟ. ಹಳೇ ಗಾಡಿ ಮಾರುವ ದಲ್ಲಾಳಿಗಳು ಡಿಫ್ರೆನ್ಶಲ್ಲಿಗೆ ಬಾಳೆಹಣ್ಣು ತುರುಕಿ ಸದ್ದಡಗಿಸುತ್ತಾರಂತೆ ಎಂಬ ಕತೆಯನ್ನು ಭಾವಮೈದುನ ಹೊತ್ತು ತಂದ. ನಂಜನಗೂಡು ರಸಬಾಳೆ ನಮ್ಮ ಬಾಯಿಗೇ ಎಟುಕದಿರುವಾಗ ಆಕ್ಸಲ್ಲಿಗೆ ಎಲ್ಲಿಂದ ತರೋಣ?

ಬೆಟ್ಟದ ದಾರಿಯ ಮಹಿಮೆ ಇರುವುದು ಇಲ್ಲಿ. ಹತ್ತುವಾಗ ಎಂಜಿನ್ ಚಕ್ರವನ್ನು ತಳ್ಳುತ್ತದೆ. ಇಳಿಯುವಾಗ ಗೇರಿನಲ್ಲೇ ಬಿಟ್ಟು ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಚಕ್ರವೇ ಎಂಜಿನ್ನನ್ನು ತಳ್ಳುತ್ತದೆ. ಹಲ್ಲಿನ ಒಂದು ಮೈಯ ಮೇಲಿದ್ದ ಭಾರ ಇನ್ನೊಂದು ಮೈಗೆ ಬೀಳುತ್ತದೆ. ಕ್ರೌನ್ ಪಿನಿಯನ್ ಸವೆದಿದ್ದರೆ ಹತ್ತುವಾಗಿನ ರಾಗ ಇಳಿಯುವಾಗ ಬದಲಾಗಲೇಬೇಕು. ಹೊರಡುವಾಗ, ರಿವರ್ಸ್ ಹಾಕುವಾಗ ‘ಟಣ್’ ಎಂದರೆ ಮೊದಲು ನೋಡಬೇಕಾದ್ದು ಶಾಫ್ಟಿನ ಕೀಲಿನಲ್ಲಿರುವ ಕ್ರಾಸ್. ಟಾರು ಮುಗಿದು ಕಾಂಕ್ರೀಟು ಬಂದಾಗ ಸದ್ದಿನ ಬಣ್ಣ ಬದಲಾದರೆ ಟೈರು. ಇನ್ನು ತಿರುವುಗಳು: ಬಲಕ್ಕೆ ತಿರುಗಿದಾಗ ಗಾಡಿಯ ಭಾರ ಎಡಗಡೆಯ ಚಕ್ರಗಳ ಮೇಲೆ ವಾಲುತ್ತದೆ, ಎಡಕ್ಕೆ ತಿರುಗಿದರೆ ಬಲಗಡೆಗೆ. ನಮ್ಮ ಗೂಂಕಾರ ಹತ್ತಿದರೂ ಅದೇ, ಇಳಿದರೂ ಅದೇ. ಬಲ ತಿರುವಿನಲ್ಲಿ ಮಾತ್ರ ಗಂಟಲು ದೊಡ್ಡದು ಮಾಡುತ್ತಿತ್ತು. ಎಡಗಡೆಯ ವೀಲ್ ಬೇರಿಂಗ್! ದೇವಸ್ಥಾನದ ಮುಂದೆ ಗಾಡಿ ನಿಲ್ಲಿಸಿ ಮನಸಾರೆ ಕೈಮುಗಿದೆ. ಅಂದಿನದು ನಿಜವಾದ ಭಕ್ತಿ. ಕ್ರೌನ್ ಪಿನಿಯನ್ನಿನ ಖರ್ಚು ತಪ್ಪಿದವನ ಭಕ್ತಿಗೆ ಬೇರೆಯೇ ಆಳವಿದೆ.

ಗ್ಯಾರೇಜಿನ ಮೇಸ್ತ್ರಿ ನನ್ನ ತರ್ಕವನ್ನೆಲ್ಲ ಕೇಳಿಸಿಕೊಂಡು ‘ಆಯ್ತು ಸಾರ್’ ಅಂದ. ಹಿಂದಿನ ಎರಡು ಚಕ್ರಗಳನ್ನೂ ಎತ್ತಿ, ಮುಂದಿನವಕ್ಕೆ ಕಲ್ಲು ಕೊಟ್ಟು, ಗಾಡಿಯನ್ನು ನ್ಯೂಟ್ರಲ್ಲಿಗೆ ತಂದ. ಪ್ಲೇಟುಕಮಾನಿನ ಮೇಲೆ ಒಂದು ಅಂಗೈ ಊರಿ ಇನ್ನೊಂದರಿಂದ ಎಡಚಕ್ರ ತಿರುಗಿಸಿದ. ಬಲಚಕ್ರ ತಾನಾಗಿ ಉಲ್ಟಾ ತಿರುಗತೊಡಗಿತು. ನೋಡಲು ನಿಂತಿದ್ದ ಹುಡುಗರು ಹೋ ಎಂದರು. ಡಿಫ್ರೆನ್ಶಲ್ಲಿನ ಧರ್ಮವೇ ಅದು. ಫ್ರಾನ್ಸಿನ ಪೆಕರ್ ಎಂಬಾತ ಇದನ್ನು ಕಲ್ಪಿಸಿದ್ದು ಆವಿಬಂಡಿಗೆಂದು, 1820ರ ದಶಕದಲ್ಲಿ. ಪೆಟ್ರೋಲ್ ಕಾರು ಆಗಿನ್ನೂ ಹುಟ್ಟಿರಲಿಲ್ಲ. ಮೇಸ್ತ್ರಿಗೆ ಇತಿಹಾಸ ಬೇಕಿರಲಿಲ್ಲ. ಕಮಾನಿನಲ್ಲಿ ಅದುರು ಸಿಕ್ಕಿತು. ‘ಬೇರಿಂಗು’ ಎಂದ. ನಾನು ಬೆಟ್ಟ ಸುತ್ತಿ ಕಂಡುಕೊಂಡದ್ದನ್ನು ಆತ ಬೀಡಿ ಆರುವುದರೊಳಗೆ ಹೇಳಿ ಮುಗಿಸಿದ್ದ.

ಆಕ್ಸಲ್ ಶಾಫ್ಟು ಎಳೆದು, ಹಬ್ಬು ಕಳಚಿ, ಬೇರಿಂಗನ್ನು ಹೊರಗೆ ತಂದಾಗ ಅದರ ಓಟದ ದಾರಿಯಲ್ಲಿ ಸಿಡುಬಿನ ಕಲೆಗಳೆದ್ದಿದ್ದವು. ಆಯಿಲ್ ಸೀಲೂ ಸೋತು, ಗೇರ್ ಎಣ್ಣೆ ಬ್ರೇಕಿನ ಲೈನಿಂಗಿಗೆ ಇಳಿದಿತ್ತು. ಸದ್ದಿಗಿಂತ ಹೆದರಬೇಕಾದದ್ದು ಇದಕ್ಕೆ; ನನಗೆ ಬೇಸರವಾದದ್ದು ಇಷ್ಟು ಮುಖ್ಯವಾದ ಸಂಗತಿ ಒಂದಿಷ್ಟೂ ಸದ್ದು ಮಾಡಲಿಲ್ಲವಲ್ಲ ಎಂದು. ಬೇರಿಂಗು, ಸೀಲು, ಪ್ಯಾಕಿಂಗು, ಲೈನಿಂಗು ಎಲ್ಲ ಹೊಸದಾದವು.

ಈಗ ಗೂಂಕಾರವಿಲ್ಲ. ಅದರ ಮರೆಯಲ್ಲಿ ಇಷ್ಟು ದಿನ ಅಡಗಿದ್ದ ಬಾಗಿಲಿನ ಕಿರುಗು, ಡಿಕ್ಕಿಯೊಳಗಿನ ಜಾಕಿಯ ಲೊಟಲೊಟ, ಹಿಂದೆ ಕೂತ ಮಾವನವರ ಅಭಿಪ್ರಾಯಗಳು ಒಂದೊಂದೂ ಸ್ಪಷ್ಟವಾಗಿ ಕೇಳುತ್ತಿವೆ. ಈ ಕೊನೆಯದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೂ ಸ್ಪೇರು ಸಿಗುವುದಿಲ್ಲ.

ನಿಮ್ಮಲ್ಲೂ ಇಂಥ ಕಾರಿದ್ದರೆ ಆಕ್ಸಲ್ಲಿನ 90 ನಂಬರ್ ಎಣ್ಣೆಯನ್ನು ಒಮ್ಮೆ ನೋಡಿಸಿ. ಕ್ರೌನ್ ಪಿನಿಯನ್ನಿನ ಹೈಪಾಯಿಡ್ ಹಲ್ಲುಗಳು ಒಂದರ ಮೇಲೊಂದು ಉಜ್ಜುತ್ತ ಜಾರುತ್ತವೆ, ಅವಕ್ಕೆ ಇ.ಪಿ. ಎಂದು ಬರೆದ, ಗಂಧಕದ ವಾಸನೆಯ ಎಣ್ಣೆಯೇ ಆಗಬೇಕು. ಎಣ್ಣೆ ಬದಲಿಸುವಾಗ ಮೊದಲು ಮೇಲಿನ, ತುಂಬುವ ಬಿರಡೆಯನ್ನು ಬಿಚ್ಚಿ. ಅದು ತುಕ್ಕು ಹಿಡಿದು ಕೂತಿದ್ದರೆ ಕೆಳಗಿನ, ಎಣ್ಣೆ ಇಳಿಸುವ ಬಿರಡೆಯನ್ನು ಮುಟ್ಟಲೇಬೇಡಿ.