ಒಂಬತ್ತನೇ ಕಲಮಿಗೊಂದು ಬಹಿರಂಗ ಪತ್ರ

ಗೆ,
1988ರ ಮೋಟಾರು ವಾಹನ ಕಾಯ್ದೆಯ 9ನೇ ಕಲಮು, 3ನೇ ಉಪಕಲಮಿನ ಪರಂತುಕದವರಿಗೆ

ವಿಷಯ: ತಾವು ಇದ್ದೀರೋ ಇಲ್ಲವೋ ಎಂಬ ಬಗ್ಗೆ

ಮಾನ್ಯರೇ,

ಕಮಲಾಪುರದ ಕೆಂಪು ಬಾಳೆ ಜಿಐ ಟ್ಯಾಗ್ ಪಡೆದ ಹಣ್ಣು. ಯಾವ ಸಂತೆಗೆ ಹೋದರೂ ಅದಕ್ಕೆ ‘ಮತ್ತೆ ಕಾಯಾಗಿ ಬಾ’ ಎನ್ನುವವರಿಲ್ಲ. ಹೊರದೇಶದಲ್ಲಿ ವರ್ಷಗಟ್ಟಲೆ ಗಾಡಿ ಓಡಿಸಿ ಅದೇ ಕಮಲಾಪುರಕ್ಕೆ ಮರಳಿದವರಿಗೆ ಮಾತ್ರ ಆ ಭಾಗ್ಯ ಇದ್ದಂತಿಲ್ಲ. ಲೈಸೆನ್ಸಿಗಾಗಿ ಹುಮನಾಬಾದ್ ರಸ್ತೆ ಹಿಡಿದು ಕಲಬುರಗಿಗೆ ಹೊರಟವರಿಗೆ ಚಹಾದಂಗಡಿಯಲ್ಲೇ ತೀರ್ಪು ಸಿಗುತ್ತದೆ: “ಫಾರಿನ್ ಲೈಸೆನ್ಸ್ ಇಲ್ಲಿ ನಡ್ಯಂಗಿಲ್ರಿ. ಲರ್ನಿಂಗ್ ಲೈಸೆನ್ಸಿನಿಂದ ಶುರು ಮಾಡ್ರಿ. ಟ್ರ್ಯಾಕಿನ ಮ್ಯಾಲ ಎಂಟು ಹೊಡೀಬೇಕು.”

ತಾವು ಹೇಳುವುದೇ ಬೇರೆ. ಹೊರದೇಶದ ಸಕ್ಷಮ ಪ್ರಾಧಿಕಾರ ಕೊಟ್ಟ ಲೈಸೆನ್ಸ್ ಇದ್ದರೆ, ಅದೇ ವರ್ಗದ ವಾಹನಕ್ಕೆ ಇಲ್ಲಿ ಮತ್ತೆ ಚಾಲನಾ ಪರೀಕ್ಷೆ ಬೇಕಿಲ್ಲ. ವೈದ್ಯರ ಪ್ರಮಾಣಪತ್ರದಂಥ ಷರತ್ತು ಪೂರೈಸಿದರೆ ಸಾಕು.

ಇಷ್ಟು ಉದಾರಿಗಳು ಹೊರಗೆ ಕಡಿಮೆ. ನಮ್ಮ ಲೈಸೆನ್ಸ್ ಬ್ರಿಟನ್ನಿನಲ್ಲಿ ನೆಲೆಸಿದವರಿಗೆ 12 ತಿಂಗಳು, ಜರ್ಮನಿಯಲ್ಲಿ 6 ತಿಂಗಳು ನಡೆಯುತ್ತದೆ. ಆಮೇಲೆ ಎರಡೂ ಕಡೆ ಅಲ್ಲಿನ ಪರೀಕ್ಷೆಯೇ ಗತಿ.

ಪ್ರವಾಸಿಯ ಪಾಡು ಇನ್ನೂ ಸುಖ. 1949ರ ಜಿನೀವಾ ಒಪ್ಪಂದದ ಅಂತರರಾಷ್ಟ್ರೀಯ ಪರ್ಮಿಟ್ ಕಿಸೆಯಲ್ಲಿದ್ದರೆ, ಜೀವಮಾನವಿಡೀ ಬಲಗಡೆ ಓಡಿಸಿದವನೂ ವಿಮಾನ ಇಳಿದ ದಿನವೇ ಕಲಬುರಗಿಯ ಆಟೋ, ಎತ್ತಿನಗಾಡಿಗಳ ನಡುವೆ ಎಡಗಡೆ ನುಗ್ಗಬಹುದು. ಪರ್ಮಿಟ್ಟಿನ ಒಂದು ವರ್ಷ ಕಳೆದು, ಪ್ರತಿ ಹಂಪೂ ಬಾಯಿಪಾಠವಾದ ಮೇಲೆ ಅವನಿಗೆ ಗಾಡಿ ಬರುವುದಿಲ್ಲವೆಂದು ಚಹಾದಂಗಡಿಯ ಲೆಕ್ಕ!

ಕಲಿಯುವವರ ವಿಷಯದಲ್ಲಿ ನಿಯಮಾವಳಿಗೆ ಎಲ್ಲಿಲ್ಲದ ಅಕ್ಕರೆ. ಅವರ ಗಾಡಿಯ ‘ಎಲ್’ ಫಲಕದ ಬಿಳಿ ಹಿನ್ನೆಲೆ 18 ಸೆಂ.ಮೀ. ಚೌಕಕ್ಕಿಂತ ಕಿರಿದಾಗಬಾರದು, ಕೆಂಪು ‘ಎಲ್’ ಅಕ್ಷರ 10 ಸೆಂ.ಮೀ. ಎತ್ತರ, 2 ಸೆಂ.ಮೀ. ದಪ್ಪ, ಬುಡದಲ್ಲಿ 9 ಸೆಂ.ಮೀ. ಅಗಲ ಇರಲೇಬೇಕು. ಮೂವತ್ತು ದಿನ ಅದನ್ನು ಹೊತ್ತು ತಿರುಗಿದ ಮೇಲಷ್ಟೇ ಪಕ್ಕಾ ಲೈಸೆನ್ಸಿಗೆ ಅರ್ಜಿ. ತಮಗೆ ಮಾತ್ರ ಯಾವ ಅಳತೆಯೂ ಇಲ್ಲ, ಯಾವ ಗೋಡೆಯೂ ಇಲ್ಲ.

ಆದ್ದರಿಂದ ಕಮಲಾಪುರದವರ ವಿನಂತಿ ಇಷ್ಟೇ: ತಾವು ಸರಳ ಕನ್ನಡದಲ್ಲಿ ಬೋರ್ಡಾಗಿ ಅವತರಿಸಿ, ಲೈಸೆನ್ಸ್ ಕೌಂಟರಿನ ನೆತ್ತಿಯ ಮೇಲೆ ನೆಲೆಸಬೇಕು. ಅಕ್ಷರದ ಎತ್ತರ 10 ಸೆಂ.ಮೀ.ಗೆ ಕಡಿಮೆಯಾಗದಿರಲಿ.

ಇತಿ,
ಕೆಎ-32ರ ರಸ್ತೆಬಳಕೆದಾರರು

ಪ್ರತಿ: ಚಹಾದಂಗಡಿಯ ಸಲಹೆಗಾರರಿಗೆ, ಓದಿ ಮರೆಯುವ ಸಲುವಾಗಿ