ಹೆಗಲಿನ ರೇಖಾಗಣಿತ

ಮೂವತ್ತು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಕೋನಮಾಪಕವನ್ನು ಹಿಡಿದು ಮಕ್ಕಳನ್ನು ಗೋಳುಹೊಯ್ದುಕೊಂಡ ನನ್ನ ಪಾಪವು, ಜನ್ಮಾಂತರದವರೆಗೆ ಕಾಯುವ ತಾಳ್ಮೆಯಿಲ್ಲದೆ, ಗಿರಿನಗರದ ಸೀತಾ ಸರ್ಕಲ್ಲಿನ ಸಮೀಪದ ಮಹಡಿಕೋಣೆಯೊಂದರಲ್ಲಿ, ನನ್ನ ಶಿಷ್ಯೆಯರ ಮಗಳಾಗಬಹುದಾದ ವಯಸ್ಸಿನ ಫಿಸಿಯೋಥೆರಪಿಸ್ಟೊಬ್ಬಳ ರೂಪದಲ್ಲಿ ಫಲಿಸಿತು. ಹಿಮವನ್ನು ಫ್ರಿಜ್ಜಿನೊಳಗಲ್ಲದೆ ಅನ್ಯತ್ರ ಕಂಡರಿಯದ ಈ ಬಡಾವಣೆಯಲ್ಲಿ ನನ್ನ ಬಲಹೆಗಲು ಹೆಪ್ಪುಗಟ್ಟಿತ್ತು. ಈ ವ್ಯಾಧಿಗೆ ‘ಫ್ರೋಜನ್ ಶೋಲ್ಡರ್’ ಎಂಬ ನಾಮಧೇಯವನ್ನು 1934ರಲ್ಲಿ ದಯಪಾಲಿಸಿದವನು ಬಾಸ್ಟನ್ನಿನ ಶಸ್ತ್ರವೈದ್ಯ ಕಾಡ್‌ಮನ್. ಸೊಂಟ ಬಾಗಿಸಿ, ಕೈಯನ್ನು ಗಡಿಯಾರದ ಲೋಲಕದಂತೆ ತೂಗಾಡಿಸುವ ವ್ಯಾಯಾಮಕ್ಕೂ ಅವನದೇ ಹೆಸರು. ವ್ಯಾಧಿಗೆ ಹೆಸರಿಟ್ಟು ಸುಮ್ಮನಿರಬಹುದಾಗಿತ್ತು.

ಮೊದಲ ದಿನವೇ ಆಕೆ ಗೋನಿಯೋಮೀಟರ್ ಎಂಬ, ಎರಡು ಕಡ್ಡಿಗಳುಳ್ಳ ಕೋನಮಾಪಕವನ್ನು ನನ್ನ ಹೆಗಲಿಗೆ ಒತ್ತಿಹಿಡಿದು, “ನಾರ್ಮಲ್ 180 ಸರ್, ನಿಮ್ದು 70” ಎಂದಳು. ಸರಳಕೋನವಾಗಬೇಕಾದದ್ದು ಲಘುಕೋನದಲ್ಲಿಯೇ ನಪಾಸಾಗಿತ್ತು. ಬಿಸಿಶಾಖದ ತರುವಾಯ ಕೈಯನ್ನು ಮೇಲೆತ್ತುತ್ತ “ಲೂಸ್ ಬಿಡಿ ಸರ್, ಹತ್ತು ಕೌಂಟು ಅಷ್ಟೇ” ಎಂದು ಆರಂಭಿಸಿದ ಆಕೆಯ ಎಣಿಕೆ ಏಳರವರೆಗೆ ಶಾಸ್ತ್ರೋಕ್ತವಾಗಿಯೇ ಸಾಗಿತು. ಎಂಟಕ್ಕೂ ಒಂಬತ್ತಕ್ಕೂ ನಡುವೆ ಮಾತ್ರ, ಪಕ್ಕದ ಮಂಚದ ಮಂಡಿನೋವಿನ ಅಜ್ಜಿಗೆ ಕಾಫಿಯಾಯಿತೇ, ಸೊಸೆ ತವರಿನಿಂದ ಬಂದಳೇ ಎಂಬ ವಿಚಾರಣೆಗಳೆಲ್ಲ ಸಾವಕಾಶವಾಗಿ ನಡೆದುವು. ಎರಡು ಪೂರ್ಣಾಂಕಗಳ ನಡುವೆ ಅನಂತ ಸಂಖ್ಯೆಗಳಿವೆಯೆಂದು ನಾನು ಬೋಧಿಸಿದ್ದೆನೇ ಹೊರತು ಅನುಭವಿಸಿರಲಿಲ್ಲ. ವಿಚಿತ್ರವೆಂದರೆ, ಅಲ್ಲಿ ಅಯ್ಯೋ ಅಮ್ಮಾ ಎಂದು ಕಿರುಚುವವರೇ ಹಬ್ಬದ ಮರುದಿನ ಆಕೆಗೆ ಕೋಡುಬಳೆಯ ಡಬ್ಬಿ ತಂದುಕೊಡುತ್ತಾರೆ. ನನಗೆ ಯಾವ ವಿದ್ಯಾರ್ಥಿಯೂ ತಂದುಕೊಟ್ಟುದಿಲ್ಲ.

“ಮನೇಲಿ ಮಾಡಿದ್ರಾ ಸರ್?” ಎಂಬುದು ನಿತ್ಯದ ಪ್ರಶ್ನೆ. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಹತ್ತಿಸುವುದು ನನ್ನ ಹೋಂವರ್ಕು. ನೆಂಟರು ಬಂದಿದ್ದರು ಎಂದೆ; ಮರುದಿನ, ಕರೆಂಟು ಹೋಗಿತ್ತು ಎಂದೆ. ಈ ಎರಡೂ ನೆಪಗಳನ್ನು ಹೇಳಿದ ಬಾಲಕರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದವನು. ಗೋಡೆ ಹತ್ತಲು ಕರೆಂಟೇಕೆಂದು ಆಕೆ ಕೇಳಲಿಲ್ಲ. ಮೌನವಾಗಿ ಗೋನಿಯೋಮೀಟರನ್ನು ಕೈಗೆತ್ತಿಕೊಂಡಳು.

ಕಳೆದ ಭಾನುವಾರ ಎಡಗೈಯಲ್ಲಿ ಕೊತ್ತಂಬರಿ ಕಟ್ಟು ಹಿಡಿದು ಮನೆಯ ಕಡೆಗೆ ಬರುತ್ತಿದ್ದಾಗ ಆಕೆಯ ನೀಲಿ ಸ್ಕೂಟರು ತಿರುವಿನಲ್ಲಿ ಕಂಡಿತು. ತತ್‌ಕ್ಷಣವೇ ನಾನು ಸಮೀಪದ ಕಾಂಪೌಂಡಿಗೆ ಮುಖಮಾಡಿ ನಿಂತು, ಬಲಗೈಯ ಬೆರಳುಗಳನ್ನು ಪರಮ ಶ್ರದ್ಧೆಯಿಂದ ಮೇಲೆ ಹತ್ತಿಸತೊಡಗಿದೆ. ಸ್ಕೂಟರು ಹತ್ತಿರ ಬಂದಿತು. ಅದರ ಮೇಲೆ ಕೂತಿದ್ದವನು ಹಾಲಿನ ಹುಡುಗ. ಕಾಂಪೌಂಡಿನ ಆಚೆಯಿಂದ ಯಜಮಾನರ ತಲೆಯೊಂದು ಮೇಲೆದ್ದಿತು.

“ಯಾರ್ ಬೇಕಿತ್ತು ಸಾರ್? ಬೆಲ್ಲು ಈ ಕಡೆ ಇದೆ.”