ಕಾಕಾನ ಖಿಡಕಿ

ಸಿಂದಗಿಯಿಂದ ಬೇರೆಯಾಗಿ ಆಲಮೇಲ ಸ್ವಂತ ತಾಲೂಕಾದ ಮೇಲೆ ಊರಲ್ಲಿ ಎರಡು ದೊಡ್ಡವಾದವು: ಫ್ಲೆಕ್ಸು ಮತ್ತು ಕಿಟಕಿ. ನಮ್ಮ ಕಾಕಾ ಮಣ್ಣಿನ ಮಾಳಿಗೆ ಕೆಡವಿ ಆರ್‌ಸಿಸಿ ಮನೆ ಎಬ್ಬಿಸಿದ. ಮಹಡಿಯ ಖೋಲಿಗೆ ರಸ್ತೆಯ ಕಡೆ, ಅಂದರೆ ಪಕ್ಕಾ ಪಶ್ಚಿಮಕ್ಕೆ, ಐದಡಿ ಅಗಲ ನಾಲ್ಕಡಿ ಎತ್ತರದ ಗಾಜಿನ ಕಿಟಕಿ. "ಮ್ಯಾಲ ಒಂದು ಛಜ್ಜಾ ಹಾಕೂನೇನ್ರಿ?" ಎಂದು ಗೌಂಡಿ ಕೇಳಿದ. "ಛಜ್ಜಾ ಹಾಕಿದ್ರ ಖಿಡಕಿ ಮಂದಿಗಿ ಕಾಣೂದು ಹ್ಯಾಂಗೋ?" ಎಂದ ಕಾಕಾ.

ಇಳಿಬಿಸಿಲಿಗೆ ಛಜ್ಜಾ ಅಷ್ಟೇನೂ ಅಡ್ಡ ಬರುವುದಿಲ್ಲ, ಅದು ಬೇರೆ ಮಾತು. ನಮ್ಮ ಸೀಮೆಯಲ್ಲಿ ಮೇ 8ರ ಆಸುಪಾಸು ಮಟಮಟ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ಆಗ ದಕ್ಷಿಣದ ಕಿಟಕಿಗೆ ಅವನ ಕಾಟವೇ ಇಲ್ಲ. ಪೂರ್ವದ್ದು ಮುಂಜಾನೆಯ ತಂಪಿನಲ್ಲೇ ಪಾರಾಗುತ್ತದೆ. ಗಾಳಿಯೂ ಕಾದು ನಲವತ್ತೆರಡು ಡಿಗ್ರಿ ಮುಟ್ಟಿದ ಹೊತ್ತಿಗೆ ಅವನು ನೇರ ಬಂದು ನಿಲ್ಲುವುದು ಪಶ್ಚಿಮದ ಕಿಟಕಿಯ ಎದುರು.

ಬೆಂಗಳೂರಿನ ಅಳಿಯ ಫೋನಿನಲ್ಲೇ ಉಪಾಯ ಹೇಳಿದ: "ಡಬಲ್ ಗ್ಲಾಸ್ ಹಾಕಿಸ್ರಿ ಮಾವಾ." ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಒಳಗೆ ಹೊರಗೆ ಹತ್ತು ಡಿಗ್ರಿ ಫರಕು ಇದ್ದರೆ, ಒಂಟಿ ಗಾಜಿನ ಆ ಕಿಟಕಿಯ ಮೂಲಕ ಬರೀ ಫರಕಿಗೇ ಹರಿದು ಬರುವ ಶಾಖ ಸುಮಾರು 110 ವ್ಯಾಟ್. ಆದರೆ ಬಿಸಿಲು ನೇರ ಬಿದ್ದಾಗ ಗಾಜನ್ನು ದಾಟಿ ಬರುವುದು 900 ವ್ಯಾಟಿನ ಹತ್ತಿರ. ದಿನಾ ಸಂಜೆ ಖೋಲಿಯ ನಡುವೆ ಇಸ್ತ್ರಿ ಪೆಟ್ಟಿಗೆ ಹಚ್ಚಿಟ್ಟು ಮರೆತ ಹಾಗೆ. ಜೋಡಿ ಗಾಜು ಆ ನೂರಾಹತ್ತನ್ನು ಅರ್ಧ ಮಾಡೀತು. ಒಂಬೈನೂರರಲ್ಲಿ ಬಹುಪಾಲು ಹಾಗೇ ಒಳಗೆ ಬರುತ್ತದೆ. ಹೊರಗೆ ಹಿಮ, ಒಳಗೆ ಹೀಟರ್ ಇರುವ ದೇಶಕ್ಕೆ ಅದು ಸರಿ.

ಕಾಕಿ ಒಳಗಿನಿಂದ ದಪ್ಪ ಪರದೆ ಬಿಟ್ಟಳು. ಖೋಲಿ ಕತ್ತಲಾಯಿತು, ಝಳ ಹೋಗಲಿಲ್ಲ. ಬಿಸಿಲು ಗಾಜು ದಾಟಿ ಬಂದು ಪರದೆಯನ್ನು ಕಾಯಿಸುತ್ತದೆ; ಕಾದ ಪರದೆ ಬಿಡುವ ಉದ್ದ ಅಲೆಗಳ ಶಾಖವನ್ನು ಅದೇ ಗಾಜು ಹೊರಕ್ಕೆ ಬಿಡುವುದಿಲ್ಲ. ನಾಲ್ಕೂವರೆಗೆ ಪರದೆಗೂ ಗಾಜಿಗೂ ನಡುವೆ ಕೈ ಹಾಕಿದರೆ ರೊಟ್ಟಿ ಬೇಯುತ್ತಿದೆಯೇನೋ ಎಂದು ತಡವಬೇಕು. ಆಮೇಲೆ ಕಾಕಿ ಗೋಣಿತಟ್ಟು ತೋಯಿಸಿ ಕಿಟಕಿಯ ಹೊರಗೆ ಇಳಿಬಿಟ್ಟಳು. ಬಿಸಿಲು ಗಾಜಿಗೆ ಬರುವ ಮೊದಲೇ ಅಡ್ಡ; ಮೇಲೆ ನಮ್ಮ ಒಣ ಗಾಳಿಗೆ ಒಂದು ಲೀಟರ್ ನೀರು ಆರುತ್ತ ಸುಮಾರು 2,400 ಕಿಲೋಜೂಲ್ ಶಾಖ ಹೀರುತ್ತದೆ. ಖೋಲಿ ತಂಪಾಯಿತು, ಕಾಕಾ ಕಾದ. "ಅಷ್ಟು ರೊಕ್ಕಾ ಹಾಕೀನಿ, ಮ್ಯಾಲ ಜ್ವಾಳದ ಚೀಲ ಕಟ್ಟೀಯಲ್ಲ!"

ಹಾಗಾದರೆ ಹಳೆ ಮನೆಯೇ ಚಲೋ ಇತ್ತು ಎಂದು ಕಾಕಿಯ ಮುಂದೆ ಮಾತ್ರ ಅನ್ನಬಾರದು. ಎರಡಡಿ ದಪ್ಪ ಗೋಡೆ, ಮಧ್ಯಾಹ್ನದ ಕಾವು ಒಳಗೆ ಬರುವಷ್ಟರಲ್ಲಿ ಮಧ್ಯರಾತ್ರಿ, ಅಷ್ಟೊತ್ತಿಗೆ ಮಂದಿಯೆಲ್ಲ ಮಾಳಿಗೆ ಮೇಲೆ ನಿದ್ದೆಯಲ್ಲಿ: ಎಲ್ಲ ನಿಜ. "ಗವಾಕ್ಷಿ ಸಣ್ಣದು ಇಟ್ಟಿದ್ದು ಕಳ್ಳರ ಅಂಜಿಕಿಗಿ, ನಿಮ್ಮ ವಿಜ್ಞಾನಕ್ಕಲ್ಲ. ಮಳಿಗಾಲದಾಗ ಮಾಳಗಿ ಸೋರಿದ್ರ ಮ್ಯಾಲೇರಿ ಮಣ್ಣು ತುಳದಾಕಿ ನಾನು. ಗಂಗಾಳದಾಗ ಚೇಳು ಬಿದ್ದಿದ್ದು ನೋಡೀಯೇನ್ ನೀ?" ನಾನು ನೋಡಿಲ್ಲ. ಕಾಕಿ ಹೊಸ ಮನೆಯ ಪರ, ಗೋಣಿಚೀಲದ ಪರ. ಇಬ್ಬಂದಿಯೇನೂ ಕಾಣದು ನನಗೆ.

ಕಡೆಗೆ ಕಾಕಾ ಗಾಜಿಗೆ ಕನ್ನಡಿಯಂತೆ ಹೊಳೆಯುವ ಫಿಲ್ಮ್ ಅಂಟಿಸಿದ. ಅದು ಬಿಸಿಲಿನ ದೊಡ್ಡ ಪಾಲನ್ನು ಬಂದ ಕಡೆಗೇ ದೂಡುತ್ತದೆ. ಒಂದು ಗುಬ್ಬಿ ದಿನವಿಡೀ ತನ್ನ ಬಿಂಬದ ಜೊತೆ ಜಗಳ ಕಾಯುತ್ತದೆ, ಅಷ್ಟೇ. ಆದರೆ ದೂಡಿದ ಬಿಸಿಲು ಎಲ್ಲಾದರೂ ಬೀಳಲೇಬೇಕಲ್ಲ. ಮಹಡಿಯಿಂದ ಇಳಿದು ರಸ್ತೆ ದಾಟಿ, ಸಂಜೆ ನಾಲ್ಕೂವರೆಗೆ ಎದುರು ಮನೆಯವರ ಕಟ್ಟೆಯನ್ನೇ ಹಿಡಿಯಿತು. ತಮ್ಮದೇ ಮನೆಯ ನೆರಳಿನಲ್ಲಿ ಚಹಾ ಕುಡಿಯುತ್ತಿದ್ದವರಿಗೆ ಎರಡನೇ ಸೂರ್ಯ! ಜಗಳಕ್ಕೆಂದೇ ಮೇಲೆ ಹತ್ತಿ ಬಂದರು. ಬಂದವರು ಖೋಲಿಯ ತಂಪಿನಲ್ಲಿ ಕೂತರು, ಚಹಾ ಕುಡಿದರು, ಫಿಲ್ಮಿನ ರೇಟು ಕೇಳಿಕೊಂಡು ಇಳಿದು ಹೋದರು.

ಈಗ ಅವರೂ ಮಹಡಿ ಎಬ್ಬಿಸುತ್ತಿದ್ದಾರೆ. ಪೂರ್ವಕ್ಕೆ ಆರಡಿ ಕಿಟಕಿಯಂತೆ. ಮುಂಜಾನೆ ಎಂಟಕ್ಕೆ ಅದರ ಹೊಳಪು ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಿದೆ: ಕಾಕಾ ಕೂತು ಪೇಪರ್ ಓದುವ ಕುರ್ಚಿಯ ಮೇಲೆ. ಕಾಕಾಗೆ ಇನ್ನೂ ಹೇಳಿಲ್ಲ.